ಸೈಕಲ್ ತುಳಿದರೆ ದುಡ್ಡು ಬರುತ್ತದಂತೆ

ಮೊದಲ ಸಲ ಕೇಳಿದ್ದು ಸೀದಾ. ಹಾಸನದಲ್ಲಿ ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ಆಚೆ ಒಬ್ಬರು ಸಂಗೀತದ ಟೀಚರ್ ಇದ್ದಾರೆ, ಅವರ ಹತ್ತಿರ ಕಲಿಯುವ ಕೆಲವು ಮಕ್ಕಳಿಗೆ ಸ್ವಂತ ವಾದ್ಯ ಇಲ್ಲ, ಇರುವ ವಾದ್ಯಗಳು ರಿಪೇರಿಗೆ ಬಂದಿವೆ, ಕೈಲಾದಷ್ಟು ಕೊಡಿ. ಇಷ್ಟನ್ನು ವಾಟ್ಸಾಪ್‌ನಲ್ಲಿ ಬರೆದು ನಾನಿರುವ ಗುಂಪುಗಳಿಗೆಲ್ಲ ಹಾಕಿದೆ. ಆಫೀಸಿನವರು, ಕಾಲೇಜಿನ ಹಳೇ ಗೆಳತಿಯರು, ನೆಂಟರು, ಅಪಾರ್ಟ್‌ಮೆಂಟಿನವರು. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಒಬ್ಬರು ಗುಲಾಬಿ ಹೂವು ಕಳಿಸಿದರು. ‘ತುಂಬಾ ಒಳ್ಳೇ ಕೆಲಸ ಕಣೆ’ ಅಂತ ಒಬ್ಬಳು ಬರೆದಳು, ಅದರ ಕೆಳಗೇ ಇನ್ಯಾರೋ ಮೈಸೂರು ಪಾಕ್ ಮಾಡುವ ವಿಡಿಯೊ ಹಾಕಿದರು, ಮಾತು ಆ ಕಡೆ ಹೋಯಿತು. ದುಡ್ಡು ಬಂದಿದ್ದು ಇಬ್ಬರಿಂದ. ಅವರು ಯಾವುದಕ್ಕೆ ಕೇಳಿದರೂ ಕೊಡುವವರು.

ಸ್ವಲ್ಪ ತಿಂಗಳು ಬಿಟ್ಟು ಅದೇ ಗುಂಪುಗಳಿಗೆ ಇನ್ನೊಂದು ಮೆಸೇಜ್ ಹಾಕಿದೆ. ಡಿಸೆಂಬರ್‌ನಲ್ಲಿ ಒಂದು ಭಾನುವಾರ ರುದ್ರಪಟ್ಟಣದಿಂದ ಚಿಕ್ಕಮಗಳೂರಿಗೆ ಸೈಕಲ್‌ನಲ್ಲಿ ಹೋಗುತ್ತೇನೆ, ನೂರು ಕಿಲೋಮೀಟರಿಗೆ ಮೇಲೇ ಆಗುತ್ತದೆ, ಆದರೆ ಲೆಕ್ಕ ನೂರಕ್ಕೇ, ಕಿಲೋಮೀಟರಿಗೆ ನಿಮ್ಮಿಂದಾದಷ್ಟು ಬರೆಸಿ, ಬಂದದ್ದೆಲ್ಲ ಮಕ್ಕಳ ವಾದ್ಯಕ್ಕೆ ಅಂತ. ಅವತ್ತು ರಾತ್ರಿ ಫೋನು ಸುಮ್ಮನಾಗಲೇ ಇಲ್ಲ. ‘ಐದು ರೂಪಾಯಿ ಬರ್ಕೋ’, ‘ನಂದು ಹತ್ತು’, ‘ನಿಜವಾಗ್ಲೂ ತುಳೀತೀಯಾ?’, ‘ಮುಗಿಸಿದ್ರೆ ಇಪ್ಪತ್ತು, ಅರ್ಧಕ್ಕೆ ನಿಲ್ಲಿಸಿದ್ರೆ ಐದು.’ ಹಿಂದಿನ ಸಲ ಗುಲಾಬಿ ಕಳಿಸಿದ್ದವರೂ ಬರೆಸಿದರು.

ಖುಷಿ ಆಗಬೇಕಿತ್ತು. ಆಯಿತು ಕೂಡ. ಆದರೆ ಅದರ ಜೊತೆಗೇ ಒಂಥರಾ ಕಿರಿಕಿರಿ ಶುರುವಾಯಿತು, ಅದು ಇನ್ನೂ ಹೋಗಿಲ್ಲ. ಮಕ್ಕಳು ಅವರೇ. ಅವರಿಗೆ ಬೇಕಾದದ್ದೂ ಅಷ್ಟೇ. ಕೇಳಿದವಳು ನಾನೇ. ಮಧ್ಯೆ ಹೊಸದಾಗಿ ಸೇರಿದ್ದು ನನ್ನ ಎರಡು ಕಾಲು. ಸಂಗೀತಕ್ಕೂ ಸೈಕಲ್ಲಿಗೂ ಏನು ಸಂಬಂಧ? ನಲವತ್ತೈದು ದಾಟಿದ ಹೆಂಗಸೊಬ್ಬಳು ಏದುಸಿರು ಬಿಟ್ಟರೆ ಹುಡುಗನೊಬ್ಬನಿಗೆ ವಯೊಲಿನ್ ಬರುತ್ತದೆ ಅನ್ನುವುದು ಯಾವ ಲೆಕ್ಕ? ನನ್ನ ಕೆಲಸವೇ ಲೆಕ್ಕ ಬರೆಯುವುದು, ಕಾಫಿ ಬೀಜ ಸುಲಿದು ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ. ಎರಡೂ ಕಡೆ ತಾಳೆಯಾಗದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಪಾತ್ರೆ ಯಾರು ಹಿಡಿಯಬೇಕು

ಸೈಕಲ್ಲಿನ ಯೋಚನೆ ಹುಟ್ಟಿದ್ದು ಟೀಚರ್ ಜೊತೆಗಿನ ಒಂದು ಜಗಳದಿಂದ. ಜಗಳ ಅಂದರೆ ಅವರು ಬೈದರು, ನಾನು ಕೇಳಿಸಿಕೊಂಡೆ.

ನಾನು ಹೇಳಿದ್ದು ಇಷ್ಟೇ. ಸುಮ್ನೆ ಮೆಸೇಜ್ ಹಾಕಿದರೆ ಯಾರೂ ಕೊಡುವುದಿಲ್ಲ, ಮಕ್ಕಳನ್ನೇ ಕೂರಿಸಿ ಒಂದು ಕಾರ್ಯಕ್ರಮ ಮಾಡೋಣ, ಯಾವ ಮಗುವಿಗೆ ಏನು ಕಷ್ಟ ಅಂತ ವೇದಿಕೆಯಲ್ಲಿ ಹೇಳೋಣ, ನೋಡಿದರೆ ಜನರ ಮನಸ್ಸು ಕರಗುತ್ತದೆ. ಟೀಚರ್‌ಗೆ ಅರವತ್ತು ದಾಟಿದೆ. ಪಾಠ ಹೇಳುವಾಗ ಬಿಟ್ಟರೆ ದನಿ ಎತ್ತುವವರಲ್ಲ. ಅವತ್ತು ಹಾರ್ಮೋನಿಯಂ ಪೆಟ್ಟಿಗೆ ಮುಚ್ಚಿ ನನ್ನ ಕಡೆ ತಿರುಗಿದರು.

“ಮಾಡಿದ್ರು ಕಣಮ್ಮಾ, ಒಂದ್ಸಲ ಮಾಡಿದ್ರು. ನೀವು ಈ ಕಡೆಗೆ ಬರೋಕೆ ಮುಂಚೆ.”

ಯಾವುದೋ ಒಂದು ಸಂಸ್ಥೆಯವರು ಬಂದಿದ್ದರಂತೆ. ಬಡ ಮಕ್ಕಳಿಗೆ ವಾದ್ಯ ವಿತರಣೆ. ವೇದಿಕೆ, ಬ್ಯಾನರ್, ಶಾಲು, ಹಾರ. ಮಗುವಿನಷ್ಟೇ ಎತ್ತರದ ಥರ್ಮೊಕೋಲ್ ಚೆಕ್ಕು. ಏಳನೇ ಕ್ಲಾಸಿನ ಹುಡುಗನೊಬ್ಬನನ್ನು ಮೈಕಿನ ಪಕ್ಕ ನಿಲ್ಲಿಸಿ, ಇವನ ತಂದೆ ಗಾರೆ ಕೆಲಸ ಮಾಡುತ್ತಾರೆ, ತಾಯಿ ಮನೆಮನೆಗೆ ಪಾತ್ರೆ ತೊಳೆಯಲು ಹೋಗುತ್ತಾರೆ, ಇಂಥ ಮನೆಯಲ್ಲಿ ಸರಸ್ವತಿ ಹುಟ್ಟಿದ್ದಾಳೆ ಅಂತ ನಿರೂಪಕರು ತುಂಬಾ ಭಾವುಕರಾಗಿ ಹೇಳಿದರು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಅವನದೇ ಕ್ಲಾಸಿನ ಇಬ್ಬರು ಕೂತಿದ್ದರು, ಅವರೂ ಚಪ್ಪಾಳೆ ತಟ್ಟಿದರು. ಹುಡುಗ ವಯೊಲಿನ್ ತೆಗೆದುಕೊಂಡು ಮನೆಗೆ ಹೋದವನು ಎಷ್ಟೋ ವಾರ ಪಾಠಕ್ಕೆ ಬರಲಿಲ್ಲ. ಟೀಚರ್ ಹುಡುಕಿಕೊಂಡು ಹೋದರೆ ವಯೊಲಿನ್ ಬಾಕ್ಸು ಅಟ್ಟದ ಮೇಲಿತ್ತು, ಬೀಗ ತೆಗೆದೇ ಇರಲಿಲ್ಲ. “ಅವ್ನು ಕಮಾನು ಹಿಡ್ದಾಗೆಲ್ಲ ಆ ಮೈಕಿನ ಮಾತೇ ಕೇಳ್ಸುತ್ತೇನೋ, ಯಾರಿಗ್ಗೊತ್ತು,” ಅಂದರು ಟೀಚರ್. ಅವನು ಆಮೇಲೆ ವಾಪಸ್ ಬಂದ, ಈಗ ಚೆನ್ನಾಗಿ ನುಡಿಸುತ್ತಾನೆ. ಆದರೆ ಟೀಚರ್ ಆವತ್ತಿನಿಂದ ಯಾವ ವಿತರಣೆಗೂ ಮಕ್ಕಳನ್ನು ಕಳಿಸಿಲ್ಲ.

ನನಗೂ ಸ್ವಲ್ಪ ಹಟ ಬಂತು. ತ್ಯಾಗರಾಜರ ಆರಾಧನೆಯಲ್ಲಿ ಉಂಛವೃತ್ತಿ ಮಾಡುತ್ತೀರಲ್ಲ ಟೀಚರ್, ಬೀದಿಯಲ್ಲಿ ಹಾಡಿಕೊಂಡು ಹೋಗಿ ಮನೆ ಮುಂದೆ ಅಕ್ಕಿ ಹಾಕಿಸಿಕೊಳ್ಳುವುದು ಬೇಡುವುದಲ್ವಾ, ಅಲ್ಲಿ ಮಕ್ಕಳೂ ಹಾಡ್ತಾರಲ್ವಾ ಅಂತ ಕೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. “ಹಾಡ್ತಾರೆ. ಆದ್ರೆ ಪಾತ್ರೆ ಯಾರ ಕೈಲಿರುತ್ತೆ ಹೇಳಿ? ದೊಡ್ಡ ವಿದ್ವಾಂಸ್ರು ಹಿಡೀತಾರೆ. ಮಕ್ಕಳು ಹಿಂದೆ ಹಾಡ್ಕೊಂಡು ಬರ್ತಾರೆ ಅಷ್ಟೇ. ಬೇಡೋ ಕೆಲ್ಸ ದೊಡ್ಡೋರದ್ದು. ನಿಮ್ಗೆ ಅಷ್ಟು ಆಸೆ ಇದ್ರೆ ಪಾತ್ರೆ ನೀವು ಹಿಡೀರಿ.”

ನನಗೆ ಹಾಡಲು ಬರುವುದಿಲ್ಲ. ಮೊದಲ ಪಾಠ ಸರಳೆ ವರಸೆಯನ್ನೇ ದಾಟದೆ ಬಿಟ್ಟವಳು. ಬರುವುದು ಅಂದರೆ ಸೈಕಲ್ಲು, ಅದೂ ಸುಮಾರಾಗಿ. ಕೊರೊನಾ ಕಾಲದಲ್ಲಿ ಅಕ್ಕನ ಮಗ ಗೇರ್ ಸೈಕಲ್ ಕೊಂಡಿದ್ದ, ಅವನು ಬೆಂಗಳೂರಿಗೆ ಹೋದ ಮೇಲೆ ಅದು ನಮ್ಮ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿತ್ತು. ಒಂದು ದಿನ ಗಾಳಿ ಹೊಡೆಸಿ ಓಡಿಸಿದ್ದೆ, ಆಮೇಲೆ ಬಿಟ್ಟಿರಲಿಲ್ಲ.

ಬೇಕಾದದ್ದು ಏನು

ವಾದ್ಯ ಅಂದರೆ ಒಂದು ಸಲ ಕೊಂಡರೆ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ವಯೊಲಿನ್‌ಗೆ ಸೈಜು ಇರುತ್ತದೆ, ಚಪ್ಪಲಿಗೆ ಇದ್ದ ಹಾಗೆ. ಸಣ್ಣ ಮಕ್ಕಳಿಗೆ ಅರ್ಧ ಸೈಜು, ಸ್ವಲ್ಪ ಬೆಳೆದ ಮೇಲೆ ಮುಕ್ಕಾಲು, ಹನ್ನೆರಡರ ಹತ್ತಿರ ಬಂದ ಮೇಲೆ ಪೂರ್ತಿ. ಮಗು ಬೆಳೆಯುತ್ತದೆ, ವಾದ್ಯ ಬೆಳೆಯುವುದಿಲ್ಲ. ಟೀಚರ್ ಮನೆಯಲ್ಲಿ ಒಬ್ಬ ಹುಡುಗ ಅರ್ಧ ಸೈಜಿನದ್ದರಲ್ಲೇ ಇನ್ನೂ ನುಡಿಸುತ್ತಿದ್ದ. ಚಕ್ಕಳಮಕ್ಕಳ ಹಾಕಿ ಕೂತು, ವಯೊಲಿನ್ ತುದಿಯನ್ನು ಬಲಗಾಲ ಹಿಮ್ಮಡಿ ಮೇಲೆ ಊರಿದರೆ, ಅವನ ಎಡಗೈ ಮೊಣಕೈ ಹತ್ತಿರ ಮಡಚಿಕೊಂಡು ಹೊಟ್ಟೆಗೆ ಅಂಟಿಕೊಳ್ಳುತ್ತಿತ್ತು. ಬೆರಳುಗಳಿಗೆ ಜಾಗವಿಲ್ಲ. ಗಾಂಧಾರಕ್ಕೆ ಬೆರಳಿಟ್ಟರೆ ಮಧ್ಯಮದ ಬೆರಳು ಅದರ ಮೇಲೇ ಹತ್ತುತ್ತಿತ್ತು. ಮೊದಲು ಕಲಿಸುವ ಮಾಯಾಮಾಳವಗೌಳ ರಾಗದಲ್ಲಿ ಆ ಎರಡು ಸ್ವರ ಪಕ್ಕಪಕ್ಕದಲ್ಲೇ ಇರುವುದರಿಂದ ಕಷ್ಟ ಇನ್ನೂ ಜಾಸ್ತಿ. ಹಾಗಂತ ಅವನಿಗೆ ಬೇಜಾರೇನೂ ಇರಲಿಲ್ಲ. ನಾಲಗೆ ಕಚ್ಚಿಕೊಂಡು ಜಂಟಿ ವರಸೆ ನುಡಿಸುತ್ತಿದ್ದ.

ಹಾಗಾಗಿ ಒಂದೊಂದು ಮಗುವಿಗೆ ಒಂದೊಂದು ವಾದ್ಯ ಕೊಡಿಸುವುದಕ್ಕಿಂತ, ಎಲ್ಲ ಸೈಜೂ ಟೀಚರ್ ಮನೆಯಲ್ಲೇ ಇರಲಿ, ಲೈಬ್ರರಿ ಪುಸ್ತಕದ ಹಾಗೆ ರಿಜಿಸ್ಟರಿನಲ್ಲಿ ಸಹಿ ಹಾಕಿ ಮನೆಗೆ ಒಯ್ಯಲಿ, ಚಿಕ್ಕದಾದರೆ ವಾಪಸ್ ಕೊಟ್ಟು ದೊಡ್ಡದು ತೆಗೆದುಕೊಳ್ಳಲಿ ಅಂತ ತೀರ್ಮಾನ ಮಾಡಿದೆವು. ದುಡ್ಡಿದ್ದವರ ಮಕ್ಕಳೂ ಅದೇ ರಿಜಿಸ್ಟರಿನಲ್ಲಿ ತಗೊಂಡರೆ ಯಾರದ್ದು ಏನು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಇದು ಟೀಚರ್ ಐಡಿಯಾ.

ಮೃದಂಗದ ಕಥೆ ಬೇರೆ. ಹಲಸಿನ ಮರದ ಗೂಡು ವರ್ಷಾನುಗಟ್ಟಲೆ ಬಾಳುತ್ತದೆ, ಚರ್ಮ ಬಾಳುವುದಿಲ್ಲ. ನುಡಿಸಿದಷ್ಟೂ ಬಲಗಡೆಯ ಕರಣೆ, ಆ ಕಪ್ಪು ಲೇಪ, ಏಳುತ್ತದೆ, ಹೊಸದಾಗಿ ಹಾಕಿಸಬೇಕು. ನಮ್ಮ ಕಡೆ ಮಳೆಗಾಲದಲ್ಲಂತೂ ಚರ್ಮ ತಂಡಿ ಹಿಡಿದು ಶ್ರುತಿಯೇ ನಿಲ್ಲುವುದಿಲ್ಲ, ಕಲ್ಲಿನಲ್ಲಿ ಅಂಚು ತಟ್ಟಿ ತಟ್ಟಿ ಸಾಕಾಗುತ್ತದೆ. ಮೃದಂಗ ಕಲಿಯುವ ಒಬ್ಬಳು ಹುಡುಗಿ ಇದ್ದಾಳೆ, ಮನೆಯಲ್ಲಿ ವಾದ್ಯ ಇಲ್ಲ. ಬಸ್ಸಿನಲ್ಲಿ ಬ್ಯಾಗು ತೊಡೆ ಮೇಲಿಟ್ಟುಕೊಂಡು ಅದರ ಮೇಲೇ ತ ದಿ ತೊಂ ನಂ ತಟ್ಟಿಕೊಂಡು ಬರುತ್ತಾಳೆ. ಕಂಡಕ್ಟರ್‌ಗೂ ಅಭ್ಯಾಸ ಆಗಿದೆಯಂತೆ.

ಬಸ್ಸು ಅಂದಾಗ ನೆನಪಾಯಿತು. ಅವಳು ಬರುವುದು ಪುಕ್ಕಟೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಪಾಠಕ್ಕೆ ಬರುವುದು ಜಾಸ್ತಿ ಆಯಿತು, ಜೊತೆಗೆ ಅಮ್ಮನೂ ಬರುತ್ತಾಳೆ. ಗಂಡುಹುಡುಗರಿಗೆ ಟಿಕೆಟ್ಟು. ಸ್ಕೂಲ್ ಪಾಸು ಸ್ಕೂಲಿನ ದಾರಿಗೆ ಮಾತ್ರ. ಸಂಗೀತ ಪಾಠಕ್ಕೆ ಬರಲು ವಾರಕ್ಕೆರಡು ಸಲ ಹೋಗಿಬರುವ ಚಾರ್ಜು ಎಷ್ಟೋ ಮನೆಗಳಲ್ಲಿ ಸಣ್ಣ ಮಾತಲ್ಲ. ಶಕ್ತಿಯ ಬಗ್ಗೆ ಟಿವಿಯಲ್ಲಿ ಕೂತು ಏನೇನೋ ವಾದ ಮಾಡುವವರನ್ನು ಒಂದು ಸಂಜೆ ಟೀಚರ್ ಮನೆ ಜಗಲಿಯಲ್ಲಿ ಕೂರಿಸಬೇಕು ಅನ್ನಿಸುತ್ತದೆ ನನಗೆ.

ಚಾರ್ಮಾಡಿ ದಾರಿ

ನನ್ನ ಕಿರಿಕಿರಿಗೆ ವಾಪಸ್ ಬರುತ್ತೇನೆ. ಬೆವರು ಸುರಿಸಿದರೆ ಮಾತ್ರ ಕೈ ಬಿಚ್ಚುವ ಜನ ಯಾಕೆ ಹಾಗೆ?

ನನ್ನ ತವರು ಮೂಡಿಗೆರೆ ಕಡೆ. ಶಿವರಾತ್ರಿಗೆ ಮುಂಚೆ ಧರ್ಮಸ್ಥಳಕ್ಕೆ ನಡೆದು ಹೋಗುವವರು ನಮ್ಮ ಮನೆ ಮುಂದಿನ ರಸ್ತೆಯಲ್ಲೇ ಸಾಗುತ್ತಿದ್ದರು. ಈಗಲೂ ಹೋಗುತ್ತಾರೆ. ಬೆಂಗಳೂರು, ತುಮಕೂರು, ಹಾಸನ ಕಡೆಯಿಂದೆಲ್ಲ ಬಂದು, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವವರು. ಆ ವಾರ ನಮ್ಮಮ್ಮನ ಅವತಾರವೇ ಬೇರೆ. ಬೇರೆ ದಿನ ಬಾಗಿಲಿಗೆ ಬಂದ ಸಾಹಿತ್ಯ ಸಂಘದ ರಸೀದಿ ಪುಸ್ತಕದವರನ್ನು ‘ಯಜಮಾನರಿಲ್ಲ’ ಅಂತ ಗೇಟಿನಲ್ಲೇ ಸಾಗಹಾಕುತ್ತಿದ್ದವಳು, ಅವತ್ತು ದೊಡ್ಡ ಹಂಡೆಯಲ್ಲಿ ಮಜ್ಜಿಗೆ ಕಡೆದು, ಶುಂಠಿ, ಕರಿಬೇವು ಹಾಕಿ ಗೇಟಿನ ಹೊರಗೆ ಇಡುತ್ತಿದ್ದಳು. ಬಚ್ಚಲ ಒಲೆಯಲ್ಲಿ ಬೆಳಗಿನಿಂದ ಬಿಸಿನೀರು. ಕಾಲು ಬೊಬ್ಬೆ ಬಂದವರನ್ನು ಕಟ್ಟೆ ಮೇಲೆ ಕೂರಿಸಿ ಉಗುರುಬೆಚ್ಚಗಿನ ನೀರು ಕೊಡುವುದು, ಕೊಬ್ಬರಿ ಎಣ್ಣೆ ಕೊಡುವುದು. ಅವರು ಯಾರು, ಯಾವ ಊರು, ಯಾವ ಜನ, ಏನೂ ಕೇಳುತ್ತಿರಲಿಲ್ಲ. ಒಂದು ಸಲ ಪಾದಯಾತ್ರೆಯವರ ಜೊತೆ ಸಾಮಾನು ಹೊತ್ತು ಬಂದಿದ್ದ ಟೆಂಪೊ ಡ್ರೈವರ್ ಬಂದು ಮಜ್ಜಿಗೆ ಕೇಳಿದ. ಅಮ್ಮ ಕೊಟ್ಟಳು, ಆದರೆ ಲೋಟದ ಮುಕ್ಕಾಲಿಗೆ ನಿಲ್ಲಿಸಿದಳು. ನಾನು ನೋಡಿದೆ. ‘ಅವ್ನೇನು ನಡೀತಿದಾನಾ?’ ಅಂದಳು ಒಳಗೆ ಬಂದು.

ಆ ಮುಕ್ಕಾಲು ಲೋಟ ನನಗೆ ಈಗ ಅರ್ಥವಾಗುತ್ತದೆ. ಅಮ್ಮ ದಾನ ಮಾಡುತ್ತಿರಲಿಲ್ಲ. ಅವಳಿಗೆ ಧರ್ಮಸ್ಥಳಕ್ಕೆ ನಡೆಯಲು ಆಗುತ್ತಿರಲಿಲ್ಲ, ಮನೆ, ದನ, ತೋಟದ ಆಳುಗಳ ಊಟ. ನಡೆಯುವವರ ಕಾಲಿಗೆ ನೀರು ಹಾಕಿದರೆ ಆ ನಡಿಗೆಯಲ್ಲಿ ಅವಳದ್ದೂ ಒಂದು ಪಾಲು. ರಸೀದಿ ಪುಸ್ತಕದವರು ಅವಳಿಗೆ ಯಾವ ಪಾಲನ್ನೂ ಕೊಡುತ್ತಿರಲಿಲ್ಲ, ಒಂದು ನಂಬರಿರುವ ಚೀಟಿ ಕೊಡುತ್ತಿದ್ದರು. ನನ್ನ ವಾಟ್ಸಾಪ್ ಗೆಳತಿಯರೂ ಹಾಗೇ ಇರಬೇಕು. ‘ಕೈಲಾದಷ್ಟು ಕೊಡಿ’ ಅಂದಾಗ ನಾನು ರಸೀದಿ ಪುಸ್ತಕ. ಸೈಕಲ್ ಹತ್ತುತ್ತೇನೆ ಅಂದಾಗ ಅವರಿಗೂ ಒಂದು ಕಿಲೋಮೀಟರು ಸಿಕ್ಕಿತು. ಅರಕಲಗೂಡಿನಲ್ಲಿ ಓದಿದವಳೊಬ್ಬಳು ‘ಅರಕಲಗೂಡು ಬಸ್‌ಸ್ಟ್ಯಾಂಡ್‌ನಿಂದ ಮೊದಲ ಹತ್ತು ಕಿಲೋಮೀಟರ್ ನಂದು, ಬೇರೆಯವ್ರಿಗೆ ಕೊಡ್ಬೇಡ’ ಅಂತ ಬರೆದಿದ್ದಳು.

ಇನ್ನೊಂದು ವಿಷಯ. ಈ ಲೆಕ್ಕದಲ್ಲಿ ಮಕ್ಕಳು ಎಲ್ಲೂ ಕಾಣುವುದಿಲ್ಲ. ಜನ ನೋಡುವುದು ನನ್ನನ್ನು, ನಗುವುದು ನನ್ನನ್ನು, ಮುಗಿಸ್ತಾಳೋ ಇಲ್ವೋ ಅಂತ ಪಂದ್ಯ ಕಟ್ಟುವುದು ನನ್ನ ಮೇಲೆ. ಮೈಕಿನ ಪಕ್ಕ ನಿಲ್ಲಬೇಕಾದವಳು ನಾನು, ಆ ಹುಡುಗ ಅಲ್ಲ. ನನಗೆ ನಾಚಿಕೆಯಾದರೆ ತಡೆದುಕೊಳ್ಳುವಷ್ಟು ವಯಸ್ಸಾಗಿದೆ.

ಎಲ್ಲರಿಗೂ ಇದು ಒಪ್ಪಿಗೆಯಾಗಲಿಲ್ಲ. ನಮ್ಮ ಬಾವ, ಅಕ್ಕನ ಗಂಡ, ರಿಟೈರ್ಡ್ ಇಂಜಿನಿಯರ್. “ಹೆಲ್ಮೆಟ್ಟು, ಟೈರು, ಲೈಟು, ಆ ಪ್ಯಾಡ್ ಇರೋ ಚಡ್ಡಿ, ಇದಕ್ಕೆಲ್ಲ ಸುರಿದ ದುಡ್ಡನ್ನ ನೇರ ಅವರಿಗೇ ಕೊಟ್ಟಿದ್ರೆ ಆಗ್ತಿರಲಿಲ್ವೇನಮ್ಮಾ? ಬೆವರಿಗೆ ಯಾಕೆ ಬೆಲೆ?” ಅಂದರು. ಪ್ರಶ್ನೆ ಸರಿಯಾದದ್ದೇ. ನೇರ ಕೊಡುವವರು ಇಬ್ಬರೇ ಇದ್ದರು ಬಾವ, ಮೂರನೆಯವರು ನೀವು ಆಗಿರಲಿಲ್ಲ ಅಂತ ಹೇಳಬೇಕೆಂದಿದ್ದೆ. ಅಕ್ಕ ಪಕ್ಕದಲ್ಲೇ ಇದ್ದಳು, ಸುಮ್ಮನಾದೆ.

ಬೆವರಿನ ಮಾತು ಬಂದರೆ ಟೀಚರ್ ಹತ್ತಿರ ಕಲಿಯುವವರದ್ದೇನು ಕಡಿಮೆಯಾ? ಬೆಳಗಿನ ಜಾವ ಎದ್ದು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಅದೇ ವರಸೆಯನ್ನು ನುಡಿಸುವ ಹುಡುಗನಿಗೆ ವರಸೆಗೆ ಇಷ್ಟು ಅಂತ ಯಾರೂ ಬರೆಸುವುದಿಲ್ಲ. ಇದನ್ನು ಟೀಚರ್ ಹತ್ತಿರ ಹೇಳಿದೆ, ಹಾಗೇ ಒಂದು ಮಾಡಬಹುದಲ್ವಾ ಅಂತ. “ಬೇಡ. ಸಾಧನೆ ಅವ್ನದ್ದು, ಅವ್ನಿಗೇ ಇರ್ಲಿ,” ಅಂದರು.

ರುದ್ರಪಟ್ಟಣದಿಂದ

ಹೊರಡುವುದಾದರೆ ರುದ್ರಪಟ್ಟಣದಿಂದಲೇ ಹೊರಡಿ ಅಂದವರೂ ಟೀಚರೇ. ಅರಕಲಗೂಡು ತಾಲೂಕಿನ ಈ ಸಣ್ಣ ಊರಿನ ಬಗ್ಗೆ ಸಂಗೀತ ಕೇಳುವವರಿಗೆ ನಾನು ಹೇಳಬೇಕಾದ್ದೇನಿಲ್ಲ. ಗಾಯಕ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಇಲ್ಲಿ, ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದವರು. ಜೋಡಿಯಾಗಿ ಹಾಡುವ ರುದ್ರಪಟ್ಟಣ ಸಹೋದರರ ಹೆಸರಿನಲ್ಲೇ ಊರಿದೆ. ಗಾಯಕ ಆರ್.ಕೆ. ಪದ್ಮನಾಭ ಅವರು ಊರಿನಲ್ಲಿ ತಂಬೂರಿಯ ಆಕಾರದ ಮಂದಿರವನ್ನೇ ಕಟ್ಟಿಸಿದ್ದಾರೆ, ಏಳು ಸ್ವರಗಳ ದೇವತೆಗಳಿಗೆ. ಬೆಂಗಳೂರಿನಲ್ಲಿ ಪಿಟೀಲು ಚೌಡಯ್ಯನವರ ಹೆಸರಿನ ಸಭಾಂಗಣ ವಯೊಲಿನ್ ಆಕಾರದಲ್ಲಿದೆ. ವಾದ್ಯವನ್ನೇ ಕಟ್ಟಡ ಮಾಡಿ ನಿಲ್ಲಿಸುವ ನಾಡು ನಮ್ಮದು, ಮುಕ್ಕಾಲು ಸೈಜಿನ ಒಂದು ವಯೊಲಿನ್‌ಗೆ ಇಷ್ಟು ಒದ್ದಾಟ ಯಾಕೋ.

ಹಿಂದಿನ ಸಂಜೆಯೇ ಸೈಕಲನ್ನು ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು ಹೋಗಿ ಪರಿಚಯದವರ ಮನೆಯಲ್ಲಿ ಉಳಿದೆ. ಬೆಳಗ್ಗೆ ಕಾವೇರಿ ಕಡೆಯಿಂದ ಮಂಜು. ಎದುರಿನ ಮನೆಯೂ ಕಾಣುತ್ತಿರಲಿಲ್ಲ. ಆಫೀಸಿನ ಹುಡುಗನೊಬ್ಬ ತನ್ನ ಸೈಕಲ್ಲಿನಲ್ಲಿ ಜೊತೆಗೆ ಬಂದಿದ್ದ, ಅವನಿಗೆ ಇಪ್ಪತ್ತಾರು, ನನಗೋಸ್ಕರ ನಿಧಾನ ಮಾಡಿ ಮಾಡಿ ಅವನಿಗೇ ಕಾಲು ನೋವು ಬಂತು. ನಕ್ಷೆಯಲ್ಲಿ ನೋಡುವಾಗ ನನಗೆ ಹೊಳೆಯದೆ ಇದ್ದದ್ದು ಕಾಲಿಗೆ ಬೇಗ ಗೊತ್ತಾಯಿತು. ಕಾವೇರಿಯ ದಡದಿಂದ ಹೊರಟು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿರುವ ಚಿಕ್ಕಮಗಳೂರಿಗೆ ಹೋಗುವುದು ಅಂದರೆ ಒಟ್ಟಾರೆ ಹತ್ತುವುದೇ. ಮಧ್ಯೆ ಸಿಗುವ ಇಳಿಜಾರುಗಳೆಲ್ಲ ಸುಮ್ನೆ ಆಸೆ ತೋರಿಸುತ್ತವೆ. ಮುಗಿಸುವುದು ಮುಳ್ಳಯ್ಯನಗಿರಿ ಮೇಲೆ ಇರಲಿ, 1,930 ಮೀಟರ್, ಕರ್ನಾಟಕದಲ್ಲೇ ಎತ್ತರ, ಫೋಟೋ ಚೆನ್ನಾಗಿ ಬರುತ್ತದೆ ಅಂತ ಸಲಹೆ ಕೊಟ್ಟವರಿದ್ದರು. ಅವರಿಗೆ ಸೈಕಲ್ ಕೊಡುತ್ತೇನೆ ಬನ್ನಿ ಅಂದೆ.

ಅರಕಲಗೂಡು ದಾಟಿದ ಮೇಲೆ ಗೊರೂರಿನ ಕಡೆಗೆ ಬರುವಾಗ ರಸ್ತೆಯ ಅರ್ಧಕ್ಕೆ ಹುರುಳಿ ಹರಡಿದ್ದರು. ಒಕ್ಕಣೆ ಕಾಲ. ಕಣ ಮಾಡುವ ಕಷ್ಟ ಯಾರಿಗೆ ಬೇಕು, ಟಾರು ರಸ್ತೆ ಮೇಲೆ ಹಾಕಿದರೆ ಬಸ್ಸು ಲಾರಿ ತುಳಿದು ಕಾಳು ಬಿಡಿಸುತ್ತವೆ. ಎದುರಿಂದ ಟ್ರ್ಯಾಕ್ಟರ್ ಬಂತು, ನಾನು ಪಕ್ಕಕ್ಕೆ ಎಳೆದೆ, ಹುರುಳಿ ಮೇಲೆ ಹೋದೆ. ಹತ್ತು ಮಾರು ಹೋಗುವಷ್ಟರಲ್ಲಿ ಪೆಡಲ್ ಕಲ್ಲಾಯಿತು. ಬಳ್ಳಿಗಳು ಹಿಂದಿನ ಗೇರಿನ ಹಲ್ಲುಗಳಿಗೆ ಸುತ್ತಿಕೊಂಡು, ಚೈನಿನ ಒಳಗೆ ಹೆಣೆದುಕೊಂಡು, ಜಡೆ ಹಾಕಿದ ಹಾಗೆ ಗಟ್ಟಿಯಾಗಿಬಿಟ್ಟಿದ್ದವು. ಕೈಯಲ್ಲಿ ಎಳೆದರೆ ಬರುವುದಿಲ್ಲ. ರಸ್ತೆ ಪಕ್ಕ ಕೂತಿದ್ದ ಮೂವರು ಹೆಂಗಸರಲ್ಲಿ ಹಿರಿಯಾಕೆ ಎದ್ದು ಕುಡುಗೋಲು ತಂದರು. ಸೈಕಲ್ಲನ್ನು ಮಲಗಿಸಿ, ಹಲ್ಲುಗಳ ಸಂದಿಯಲ್ಲಿ ಕುಡುಗೋಲಿನ ತುದಿ ಹಾಕಿ, ಒಂದೊಂದೇ ಎಳೆ ಕತ್ತರಿಸಿ ಬಿಡಿಸತೊಡಗಿದರು. ಕೈ ಕೆಲಸ ಮಾಡುತ್ತಿತ್ತು, ಬಾಯಿ ವಿಚಾರಣೆ ಮಾಡುತ್ತಿತ್ತು.

“ಯಾಕವ್ವಾ ಹಿಂಗ್ ತುಳ್ಕಂಡ್ ಹೋಗದು? ಬಸ್ಸು ಪ್ರೀ ಐತಲ್ಲ.”

ಹೇಳಿದೆ. ಸಂಗೀತ ಕಲಿಯೋ ಮಕ್ಕಳಿಗೆ ವಾದ್ಯ ಕೊಡಿಸಬೇಕು, ಅದಕ್ಕೆ.

“ನಿನ್ ಮಕ್ಳಾ?”

ಅಲ್ಲ.

“ನೀನ್ ಸೈಕಲ್ ತುಳುದ್ರೆ ವಾದ್ಯ ಹೆಂಗ್ ಬತ್ತದೆ?”

ಗೊತ್ತಿರುವವರು ಕಿಲೋಮೀಟರಿಗೆ ಇಷ್ಟು ಅಂತ ಕೊಡುತ್ತಾರೆ ಅಂದೆ. ಅವರು ಕುಡುಗೋಲು ನಿಲ್ಲಿಸಿ ನನ್ನ ಮುಖ ನೋಡಿದರು. “ತುಳೀದಿದ್ರೆ ಕೊಡಕಿಲ್ವಾ?” ಇಲ್ಲ ಅಜ್ಜಿ, ಕೇಳಿ ನೋಡಿದೆ, ಕೊಡಲಿಲ್ಲ ಅಂದೆ. ಉಳಿದಿಬ್ಬರಿಗೆ ನಗು ತಡೆಯಲಾಗಲಿಲ್ಲ. ಅದರಲ್ಲೊಬ್ಬಳು, “ಹಂಗಾರೆ ನಮ್ ಹುರುಳಿ ಮ್ಯಾಲೂ ಎಲ್ಡ್ ಸುತ್ತು ಹಾಕಕ್ಕಾ, ನಾವೂ ಏನಾರ ಕೊಡಾನ,” ಅಂದಳು. ಅಜ್ಜಿ ನಗಲಿಲ್ಲ. ಕೊನೆಯ ಎಳೆ ಕಿತ್ತು, ಚಕ್ರ ತಿರುಗಿಸಿ ನೋಡಿ, “ಸೈಕಲ್ ಭಾರಕ್ಕೆಲ್ಲಾ ಹುರುಳಿ ಬುಡಕಿಲ್ಲ, ಲಾರಿನೇ ಬರ್ಬೇಕು, ನೀ ಹೊಂಡು,” ಅಂದರು.

ಹಾಸನಕ್ಕೆ ಬಂದಾಗ ಊಟದ ಹೊತ್ತು. ನಮ್ಮ ಬೀದಿಗೆ ಹೋಗಲಿಲ್ಲ, ಹೋದರೆ ಮತ್ತೆ ಏಳುವುದಿಲ್ಲ ಅಂತ ಗೊತ್ತಿತ್ತು. ಅಲ್ಲಿಂದ ಬೇಲೂರಿನವರೆಗೆ ಸುಮಾರು 40 ಕಿಲೋಮೀಟರ್, ಅದರ ಬಗ್ಗೆ ಹೇಳಲು ನನ್ನ ಹತ್ತಿರ ಹೆಚ್ಚೇನಿಲ್ಲ. ಬಿಸಿಲು, ಹಂಪ್‌ಗಳು, ಹಿಂದಿನಿಂದ ಹಾರ್ನ್, ಕೂರುವ ಜಾಗದಲ್ಲಿ ಉರಿ. ಬೇಲೂರಿನಲ್ಲಿ ದೇವಸ್ಥಾನದ ರಸ್ತೆಯಲ್ಲಿ ಎಳನೀರು ಕುಡಿದು, ಸೈಕಲನ್ನು ಹುಡುಗನ ಹತ್ತಿರ ಬಿಟ್ಟು ಒಳಗೆ ಹೋಗಿ ಬಂದೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು, 2023ರಲ್ಲಿ ವಿಶ್ವಪರಂಪರೆ ಪಟ್ಟಿಗೆ ಸೇರಿದ್ದು, ಎಲ್ಲ ಸರಿ. ಎಷ್ಟು ಸಲ ನೋಡಿದರೂ ಮದನಿಕೆಯರ ಮುಖವನ್ನೇ ನೋಡಿ ಬಂದಿದ್ದೆ. ಈ ಸಲ ಬಸ್ಸಿನಲ್ಲಿ ಬ್ಯಾಗು ತಟ್ಟುವ ಹುಡುಗಿ ತಲೆಯಲ್ಲಿದ್ದಳು, ಹಾಗಾಗಿ ಕಣ್ಣು ಕೆಳಗೆ ಹೋಯಿತು. ಕುಣಿಯುವವಳ ಕಾಲ ಹತ್ತಿರ, ಅವಳ ಮೊಣಕಾಲಿಗೂ ಬಾರದಷ್ಟು ಪುಟ್ಟದಾಗಿ, ಮದ್ದಳೆಯವರು. ಮುಖ ಮೇಲೆತ್ತಿ ಅವಳ ಹೆಜ್ಜೆಯನ್ನೇ ನೋಡುತ್ತಾ ಬಾರಿಸುತ್ತಿದ್ದಾರೆ. ಪಕ್ಕವಾದ್ಯದವರ ಪಾಡು ಆವಾಗಲೂ ಅಷ್ಟೇ. ನಮ್ಮ ಲೆಕ್ಕದಲ್ಲೂ ಹಾಗೇ, ವೀಣೆಗೆ ಅಂತ ಹೇಳಿ ಬರೆಸಿದವರಿದ್ದಾರೆ, ಮೃದಂಗಕ್ಕೆ ಅಂತ ಒಬ್ಬರೂ ಇಲ್ಲ.

ಬೇಲೂರಿನಿಂದ ಮುಂದೆ ಕಾಫಿ ತೋಟಗಳ ನೆರಳು ಶುರುವಾಗುತ್ತದೆ, ಗಾಳಿ ತಣ್ಣಗಾಗುತ್ತದೆ. ಅಷ್ಟು ಹೊತ್ತಿಗೆ ನನಗೆ ಯಾವುದೂ ಬೇಕಿರಲಿಲ್ಲ. ಎರಡು ಏರುಗಳಲ್ಲಿ ಇಳಿದು ತಳ್ಳಿಕೊಂಡು ಹೋದೆ. (ತಳ್ಳಿದ ದೂರವೂ ಲೆಕ್ಕಕ್ಕೆ ಬರುತ್ತದಾ ಅಂತ ಆಮೇಲೆ ಗುಂಪಿನಲ್ಲಿ ದೊಡ್ಡ ಚರ್ಚೆಯಾಯಿತು. ಬರುತ್ತದೆ ಅಂತ ತೀರ್ಮಾನವಾಯಿತು.) ಚಿಕ್ಕಮಗಳೂರು ಮುಟ್ಟಿದಾಗ ಬೀದಿ ದೀಪ ಹತ್ತಿತ್ತು. ಅಕ್ಕ, ಬಾವ ಕಾರಿನಲ್ಲಿ ಬಂದು ಕಾಯುತ್ತಿದ್ದರು.

ವಸೂಲಿ

ತುಳಿಯುವುದು ಸುಲಭ, ವಸೂಲಿ ಕಷ್ಟ. ನಮ್ಮ ವರ್ಕ್ಸ್‌ನಲ್ಲಿ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಸುಲಿದರೆ ನೂರಕ್ಕೆ ಎಂಬತ್ತರಷ್ಟು ಬೀಜ ಬರುತ್ತದೆ, ಚೆರಿ (ಹಣ್ಣನ್ನು ಹಾಗೇ ಒಣಗಿಸಿದ್ದು) ಸುಲಿದರೆ ಅರ್ಧ. ಮಾತು ಕೊಟ್ಟವರ ಔಟ್‌ಟರ್ನ್, ಅಂದರೆ ಕೈಗೆ ಬಂದ ಪಾಲು, ಎರಡಕ್ಕೂ ಮಧ್ಯೆ ನಿಂತಿತು. ಫೋನು ಮಾಡಿ ಮಾಡಿ ಕೇಳಬೇಕಾಯಿತು. ‘ಅಯ್ಯೋ ಮರೆತೇ ಹೋಗಿತ್ತು ಕಣೆ’ ಅನ್ನುವವರಿಗೆ ಮತ್ತೆ ನೆನಪಿಸುವಾಗ, ಪಾತ್ರೆ ಹಿಡಿಯುವುದು ಅಂದರೆ ಇದೇ, ಸೈಕಲ್ ಅಲ್ಲ ಅಂತ ಅನ್ನಿಸಿದ್ದಿದೆ.

ಆದರೂ ಬಂತು. ಮುಕ್ಕಾಲು ಸೈಜಿನ ವಯೊಲಿನ್, ಪೂರ್ತಿ ಸೈಜಿನದ್ದು, ತಂತಿಗಳು, ಮೃದಂಗಕ್ಕೆ ಹೊಸ ಚರ್ಮ. ತಂತಿ ಬಿಗಿಯುವ ಬಿರಡೆ ನಿಲ್ಲದೆ ಜಾರುತ್ತಿದ್ದ ಟೀಚರ್ ಅವರದ್ದೇ ಹಳೇ ತಂಬೂರಿಯನ್ನೂ ರಿಪೇರಿಗೆ ಕಳಿಸಿದೆವು, ಅವರು ಬೇಡ ಬೇಡ ಅಂದರೂ. ಉಳಿದದ್ದನ್ನು ಬಸ್ ಚಾರ್ಜಿಗೆ ಇಟ್ಟೆವು. ತಕರಾರು ಬಂದಿದ್ದು ಇಲ್ಲೇ. ನಮ್ಮ ದುಡ್ಡಲ್ಲಿ ಯಾವ ವಾದ್ಯ ಬಂತು, ಫೋಟೋ ಕಳಿಸಿ ಅಂತ ಕೇಳಿದವರಿಗೆ ವಾದ್ಯಗಳ ಫೋಟೋ ಕಳಿಸಿದೆ, ಮಕ್ಕಳದ್ದಲ್ಲ. ಅದಕ್ಕೇ ಕೆಲವರಿಗೆ ಸಪ್ಪೆ ಅನ್ನಿಸಿತು. ಬಸ್ ಟಿಕೆಟ್ಟಿಗೆ ಹೋಯಿತು ಅಂದರೆ ದುಡ್ಡು ಸೋರಿಹೋಯಿತು ಅನ್ನುವ ಹಾಗೆ ಮಾತಾಡಿದರು. ವಯೊಲಿನ್ ಕಣ್ಣಿಗೆ ಕಾಣುತ್ತದೆ. ಸಂಜೆ ಏಳೂವರೆಯ ಕೊನೇ ಬಸ್ಸಿಗೆ ಕೊಟ್ಟ ಚಿಲ್ಲರೆ ಎಲ್ಲಿ ಕಾಣಬೇಕು? ಆದರೆ ಆ ಚಿಲ್ಲರೆ ಇಲ್ಲದಿದ್ದರೆ ವಯೊಲಿನ್ ಟೀಚರ್ ಮನೆಯಲ್ಲೇ ಗೋಡೆಗೆ ಒರಗಿರುತ್ತದೆ. ಇದನ್ನು ವಿವರಿಸಿ ಬರೆದೆ. ಹೆಚ್ಚಿನವರು ಒಪ್ಪಿದರು.

ಒಬ್ಬರು ಒಪ್ಪಲಿಲ್ಲ. ಹೆಚ್ಚು ಬರೆಸಿದ್ದವರು ಅವರೇ. ಯಾವ ಮಗುವಿಗೆ ಏನು ಕೊಟ್ಟಿರಿ, ತಂದೆ ಏನು ಕೆಲಸ, ಆದಾಯ ಪ್ರಮಾಣಪತ್ರ ಇದೆಯಾ, ಒಂದು ಪಟ್ಟಿ ಕಳಿಸಿ, ಇಲ್ಲದಿದ್ದರೆ ಅರ್ಹರಿಗೇ ಹೋಯಿತು ಅಂತ ಹೇಗೆ ನಂಬುವುದು ಅಂದರು. ನಯವಾಗಿಯೇ ಕೇಳಿದರು, ಲೆಕ್ಕದವಳಾಗಿ ನನಗೆ ಅವರ ಮಾತು ಅರ್ಥವಾಗದೆಯೂ ಇಲ್ಲ. ದುಡ್ಡಿನ ಲೆಕ್ಕ ಪೈಸೆ ಪೈಸೆ ಕೊಡುತ್ತೇನೆ ಸಾರ್, ಬಿಲ್ಲು ಎಲ್ಲ ಇದೆ, ಅಪ್ಪಂದಿರ ಲೆಕ್ಕ ಕೊಡುವುದಿಲ್ಲ ಅಂತ ಉತ್ತರ ಬರೆದೆ. ಕಳಿಸುವ ಮುಂಚೆ ಟೀಚರ್‌ಗೆ ತೋರಿಸಿದೆ. ‘ಸಾರ್’ ಅನ್ನುವುದರ ಮುಂದೆ ‘ದಯವಿಟ್ಟು’ ಸೇರಿಸಿ ಅಂದರು, ಅಷ್ಟೇ.

ಅವರು ಉತ್ತರ ಬರೆಯದೆ ಗುಂಪಿನಿಂದ ಹೊರಗೆ ಹೋದರು. ಅವರ ಪಾಲಿನ ಕಿಲೋಮೀಟರುಗಳು ಹಾಗೇ ಉಳಿದವು. ಒಂದು ವಾರ ಬಿಟ್ಟು ಬಾವ ಫೋನ್ ಮಾಡಿ, ಅದನ್ನ ನನ್ನ ಹೆಸರಿಗೆ ಹಾಕಮ್ಮ ಅಂದರು. ಬೆವರಿಗೆ ಬೆಲೆ ಯಾಕೆ ಅಂತಿದ್ರಲ್ಲ ಬಾವ ಅಂದೆ. “ಇದು ಬೆವರಿಗಲ್ಲ, ನೀನು ಆ ಮನುಷ್ಯಂಗೆ ಬರೆದ ಕಾಗದಕ್ಕೆ,” ಅಂದರು. ಬಿಲ್ಲಿನ ಪ್ರತಿಗಳನ್ನು ಮಾತ್ರ ತಪ್ಪದೆ ಕಳಿಸಬೇಕಂತೆ, ಬಸ್ ಟಿಕೆಟ್ಟಿನದ್ದೂ ಸೇರಿಸಿ.